ಕಪಾಟಿನ ಬೀಗ ತೆಗೆಯುವ ಪಾಠ

ಗದಗ ತಾಲ್ಲೂಕಿನ ಸೊರಟೂರಿನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಒಂದು ಯುದ್ಧದಿಂದಾಗಿ ಉಳಿದುಕೊಂಡಿದೆ. 1190ರ ಸುಮಾರಿಗೆ ಹೊಯ್ಸಳ ಇಮ್ಮಡಿ ಬಲ್ಲಾಳ, ದೇವಗಿರಿಯ ಸೇವುಣ ದೊರೆ ಐದನೆಯ ಭಿಲ್ಲಮನ ಸೇನೆಯನ್ನು ಇಲ್ಲಿ ಸೋಲಿಸಿದ. ಕಲ್ಯಾಣ ಚಾಲುಕ್ಯರ ಪ್ರಭುತ್ವ ಕುಸಿದಿದ್ದ ಆ ಹೊತ್ತಿನಲ್ಲಿ ಈ ಸೀಮೆ ಯಾರದು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ ಕಾಳಗವದು.

ಈಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಸಾಲಿ ಬಿಟ್ಟ ಮೇಲೆ ಪಾಟಿಚೀಲದೊಡನೆ ಪಂಚಾಯಿತಿ ಗ್ರಂಥಾಲಯಕ್ಕೆ ಬಂದು, 'ನಮ್ಮೂರಾಗ ಯುದ್ಧ ಆಗಿತ್ತಂತಲ್ರೀ ಸರ, ಅದು ಯಾವ ಪುಸ್ತಕದಾಗ ಐತ್ರಿ?' ಎಂದು ಕೇಳಿದಳೆಂದು ಇಟ್ಟುಕೊಳ್ಳೋಣ. ಸೊರಟೂರ ಎಂದೇ ಅಲ್ಲ, ಯಾವ ಊರಿನಲ್ಲಾದರೂ ಇಂಥದೊಂದು ಪ್ರಶ್ನೆ ಬರಬಹುದು. ಮೇಜಿನ ಆಚೆ ಕುಳಿತವರು 'ಇಲ್ಲವ್ವಾ, ಅಂಥಾ ಪುಸ್ತಕ ಇಲ್ಲ' ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಮರುದಿನ ಆ ಹುಡುಗಿ ಬರುವುದಿಲ್ಲ. 'ಕೂಡು, ಹುಡುಕೋಣ' ಎಂದರೆ ಕಥೆ ಬೇರೆಯಾಗುತ್ತದೆ. ಎರಡನೆಯ ಉತ್ತರ ಕೊಡಲು ಒಳ್ಳೆಯ ಮನಸ್ಸೊಂದೇ ಸಾಲದು. ಎಲ್ಲಿ ಹುಡುಕಬೇಕು, ಹೇಗೆ ಹುಡುಕಬೇಕು ಎಂಬುದನ್ನು ಯಾರಾದರೂ ಕಲಿಸಿರಬೇಕು. ಗ್ರಂಥಾಲಯದವರಿಗೆ ನಡೆಯುವ ತರಬೇತಿ ಕಾರ್ಯಾಗಾರಗಳ ವಿಷಯ ವಿದ್ಯಾರ್ಥಿಗಳಿಗೂ ಅವರ ತಂದೆ-ತಾಯಿಗಳಿಗೂ ಸಂಬಂಧಪಡುವುದು ಇಲ್ಲಿ.

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ. ರಾಜ್ಯದ ಹೆಸರು ಆಗಿನ್ನೂ ಮೈಸೂರು. ಆಸ್ತಿ ತೆರಿಗೆಯ ಜೊತೆ ಕಟ್ಟುವ ಗ್ರಂಥಾಲಯ ಕರದ ಮೂಲವೂ ಈ ಕಾಯಿದೆಯೇ. ಮನೆ ಕಂದಾಯ ಕಟ್ಟುವ ಎಷ್ಟೋ ಪಟ್ಟಣವಾಸಿಗಳಿಗೆ ತಾವು ಪುಸ್ತಕಕ್ಕೂ ಹಣ ಕೊಡುತ್ತಿದ್ದೇವೆಂಬುದೇ ಗೊತ್ತಿರುವುದಿಲ್ಲ. ಹಳ್ಳಿಗಳ ಮಟ್ಟಿಗೆ ದೊಡ್ಡ ಬದಲಾವಣೆ ಬಂದದ್ದು 2019ರಲ್ಲಿ. ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಆ ವರ್ಷ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವೆಂದು ಸಾರಲಾಯಿತು. ಬರಬರುತ್ತ ಹಲವು ಗ್ರಂಥಾಲಯಗಳ ಗೋಡೆಗಳಿಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಫಲಕದ ಮೇಲೆ 'ಅರಿವು ಕೇಂದ್ರ' ಎಂಬ ಹೊಸ ಹೆಸರು ಬಂತು.

ಕುರ್ಚಿಯಲ್ಲಿ ಕುಳಿತವರು ಮಾತ್ರ ಹಳಬರೇ. ಬಹುಕಾಲ ಅಲ್ಪ ಗೌರವಧನಕ್ಕೆ ದುಡಿದವರು, ದಿನಕ್ಕೆ ಕೆಲವು ಗಂಟೆ ಬಾಗಿಲು ತೆರೆದು ದಿನಪತ್ರಿಕೆ ಹರಡುವುದೇ ಕೆಲಸವೆಂದು ನಂಬಿದ್ದವರು. ಒಮ್ಮಿಂದೊಮ್ಮೆಗೆ ಅವರ ಮುಂದೆ ಮಕ್ಕಳ ಹಿಂಡು ಬಂದು ನಿಂತಿತು.

ಭಯದ ಕಪಾಟು

ಹಳ್ಳಿಯ ಗ್ರಂಥಾಲಯವನ್ನು ಒಮ್ಮೆಯಾದರೂ ಕಂಡವರಿಗೆ ಗಾಜಿನ ಬಾಗಿಲ ಕಬ್ಬಿಣದ ಕಪಾಟು ನೆನಪಿರುತ್ತದೆ. ಪುಸ್ತಕಗಳ ಬೆನ್ನು ಕಾಣುತ್ತದೆ, ಕೈಗೆ ಎಟುಕುವುದಿಲ್ಲ. ಬೀಗದ ಕೈ ಮೇಲ್ವಿಚಾರಕರ ಜೇಬಿನಲ್ಲಿ. ಜನ ಇದನ್ನು ಸೋಮಾರಿತನ ಎನ್ನುತ್ತಾರೆ, ಆದರೆ ಹೆಚ್ಚಿನ ಕಡೆ ಅದು ಭಯ. ಪುಸ್ತಕ ಕಳೆದರೆ ತಪಾಸಣೆಯಲ್ಲಿ ಲೆಕ್ಕ ಕೊಡಬೇಕು, ಕೊಡದಿದ್ದರೆ ಕೈಯಿಂದ ಕಟ್ಟಬೇಕಾದೀತು ಎಂಬ ಭಯ. ತಿಂಗಳ ಗಳಿಕೆಯೇ ಕಡಿಮೆಯಿರುವವನು ಮುನ್ನೂರು ರೂಪಾಯಿಯ ಚಿತ್ರಪುಸ್ತಕವನ್ನು ಮಣ್ಣುಗೈ ಹುಡುಗನಿಗೆ ಕೊಡಲು ಹಿಂಜರಿದರೆ ಅವನನ್ನು ಬೈದು ಪ್ರಯೋಜನವಿಲ್ಲ.

ಒಳ್ಳೆಯ ತರಬೇತಿ ಈ ಭಯದಿಂದಲೇ ಶುರುವಾಗಬೇಕು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳಿಗೆಂದೇ ಒಂದು ಮಾತಿದೆ: ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1000 ಪುಸ್ತಕಗಳಿಗೆ 5 ಕಳೆದುಹೋದರೆ, ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇಲ್ಲದ ಪಕ್ಷದಲ್ಲಿ, ಅದನ್ನು ಸಹಜ ನಷ್ಟವೆಂದು ಎಣಿಸಬಹುದು. ಇದು ಕೇಂದ್ರದ ಸಂಸ್ಥೆಗಳಿಗೆ ಮಾಡಿದ ನಿಯಮ, ನಿಜ. ಆದರೆ ಅದರ ಹಿಂದಿನ ತಿಳಿವಳಿಕೆ ಎಲ್ಲ ಗ್ರಂಥಾಲಯಕ್ಕೂ ಸಲ್ಲುತ್ತದೆ. ಓಡಾಡುವ ಪುಸ್ತಕ ಸವೆಯುತ್ತದೆ, ಕೆಲವೊಮ್ಮೆ ಕಳೆಯುತ್ತದೆ. ಒಂದೂ ಕಳೆಯದ ಗ್ರಂಥಾಲಯದಲ್ಲಿ ಯಾರೂ ಓದುತ್ತಿಲ್ಲವೇನೋ ಎಂದು ಸಂಶಯಪಡಬೇಕಾಗುತ್ತದೆ. ಪಂಚಾಯಿತಿ ಸದಸ್ಯರೂ ಅಧಿಕಾರಿಗಳೂ ಈ ಮಾತನ್ನು ಒಪ್ಪಿ ಬಾಯಿಬಿಟ್ಟು ಹೇಳಿದ ದಿನ ಕಪಾಟಿನ ಬೀಗ ತಾನಾಗಿ ಸಡಿಲವಾದೀತು. ಕಾರ್ಯಾಗಾರಕ್ಕೆ ಮೇಲ್ವಿಚಾರಕರ ಜೊತೆ ಅವರನ್ನೂ ಕರೆಯಬೇಕಾದದ್ದು ಇದಕ್ಕೇ.

ಪಂಚಾಯಿತಿ ಸಿಬ್ಬಂದಿ, ಸದಸ್ಯರ ತರಬೇತಿಗೆ ರಾಜ್ಯದಲ್ಲಿ ಹಾದಿ ಇಲ್ಲದಿಲ್ಲ. 'ನೀರ್ ಸಾಬ್' ಎಂದೇ ಜನರ ನಾಲಿಗೆಯ ಮೇಲೆ ಉಳಿದ ಸಚಿವ ಅಬ್ದುಲ್ ನಜೀರ್ ಸಾಬರ ಹೆಸರಿನ ಸಂಸ್ಥೆ ಮೈಸೂರಿನಲ್ಲಿದೆ. ಅಲ್ಲಿನ ಪಾಠ ಉಪಗ್ರಹದ ಮೂಲಕ ತಾಲ್ಲೂಕುಗಳ ಸಾಮರ್ಥ್ಯ ಸೌಧಗಳಿಗೆ ಮುಟ್ಟುತ್ತದೆ. ಗದುಗಿನ ಬಳಿ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿಗೆಂದೇ 2016ರಲ್ಲಿ ಆರಂಭವಾದ ವಿಶ್ವವಿದ್ಯಾಲಯವಿದೆ. ಆದರೆ ಪರದೆಯ ಮೇಲೆ ಮಾತಾಡುವವರನ್ನು ನೋಡಿ ಗ್ರಂಥಾಲಯದ ಕೆಲಸ ಪೂರ್ತಿ ಕಲಿಯಲಾಗದು. ಆದೇಶ, ಯೋಜನೆಗಳ ವಿವರ ಹಾಗೆ ತಿಳಿಯಬಹುದು. ಹರಿದ ಹೊತ್ತಿಗೆ ಅಂಟಿಸುವುದು, ಮಕ್ಕಳೆದುರು ಕಥೆ ಓದುವುದು ಇವೆಲ್ಲ ಕೈಗೂ ಬಾಯಿಗೂ ಹತ್ತಬೇಕಾದ ವಿದ್ಯೆಗಳು.

ಅಂಟಿಸುವುದನ್ನೇ ನೋಡಿ. ಹರಿದ ಹಾಳೆಗೆ ಪಾರದರ್ಶಕ ಟೇಪು ಹಚ್ಚುವುದು ನಮ್ಮೆಲ್ಲರ ಅಭ್ಯಾಸ. ಕೆಲವೇ ವರ್ಷಗಳಲ್ಲಿ ಆ ಟೇಪು ಹಳದಿಗಟ್ಟಿ, ಅಂಟು ಹಾಳೆಯೊಳಗೆ ಇಳಿದು, ಅಕ್ಷರವನ್ನೂ ಕಲೆಗಟ್ಟಿಸುತ್ತದೆ. ತೆಳು ಕಾಗದ, ಹಿಟ್ಟಿನ ಸರಿ, ಒಂದು ಕುಂಚ ಇದ್ದರೆ ಅದಕ್ಕಿಂತ ಗಟ್ಟಿಯಾದ ದುರಸ್ತಿ ಸಾಧ್ಯ. ಕಪಾಟನ್ನು ಗೋಡೆಗೆ ಆನಿಸದೆ ನಾಲ್ಕು ಬೆರಳು ದೂರ ಇಟ್ಟರೆ ಗೆದ್ದಲಿನ ದಾರಿ ಕಣ್ಣಿಗೆ ಬೀಳುತ್ತದೆ. ಇಂಥವನ್ನು ಒಮ್ಮೆ ಮಾಡಿ ನೋಡಿದವರು ಮರೆಯುವುದಿಲ್ಲ. ಮುದ್ರಣಾಲಯಗಳಿಗೆ, ಪುಸ್ತಕ ವ್ಯಾಪಾರಕ್ಕೆ ಹೆಸರಾದ ಗದಗ-ಬೆಟಗೇರಿಯಲ್ಲಿ ಬೈಂಡಿಂಗ್ ಬಲ್ಲ ಹಿರಿಯರಿಗೆ ಬರವಿಲ್ಲ. ಅವರಲ್ಲೊಬ್ಬರನ್ನು ಅರ್ಧ ದಿನ ಕರೆಸಿದರೆ ಸಾಕು.

ಕಥೆ ಓದುವುದು ಇನ್ನೂ ಕಷ್ಟ. ನಡುವಯಸ್ಸಿನ ಗೃಹಸ್ಥರಿಗೆ ಇಪ್ಪತ್ತು ಮಕ್ಕಳ ಮುಂದೆ ಕೂತು ನರಿಯ ದನಿ, ಆನೆಯ ದನಿ ತೆಗೆಯುವುದೆಂದರೆ ನಾಚಿಕೆ. ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಪಾಠದಂತೆ ಓದಿ ಮುಗಿಸುತ್ತಾರೆ. ಚಿತ್ರ ಮಕ್ಕಳಿಗೆ ಕಾಣುವಂತೆ ಹಿಡಿಯಬೇಕು, ನಡುವೆ ನಿಲ್ಲಿಸಿ 'ಮುಂದ ಏನಾಗಬಹುದು?' ಎಂದು ಕೇಳಬೇಕು, ಕೊನೆಗೆ ನೀತಿ ಕೇಳಿ ಪರೀಕ್ಷೆ ಮಾಡಬಾರದು. ಇಷ್ಟನ್ನು ಜೊತೆಯವರ ಎದುರೇ ಎರಡು ಮೂರು ಸಲ ಮಾಡಿದರೆ ನಾಚಿಕೆ ಬಿಡುತ್ತದೆ. ಬಯಲಾಟ, ಸಣ್ಣಾಟಗಳ ಸೀಮೆಯಲ್ಲಿ ದನಿ ಬದಲಿಸಿ ಮಾತಾಡುವುದು ಹೊಸ ವಿದ್ಯೆಯೇನಲ್ಲ.

ಗಣಿತದ ಮೇಷ್ಟರ ದಾರಿ

ತರಬೇತಿಯಿಲ್ಲದೆ ಗ್ರಂಥಾಲಯಕ್ಕೆ ಬಂದವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಎಸ್. ಆರ್. ರಂಗನಾಥನ್ ಅವರದು. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಓದುಗರಿಲ್ಲದ ಆ ಕೊಠಡಿಯಲ್ಲಿ ಕೂತು ಬೇಸತ್ತು, ಹಳೆಯ ಕೆಲಸಕ್ಕೇ ಮರಳುತ್ತೇನೆಂದು ಹೇಳಿಹೋದದ್ದೂ ಉಂಟು. ಅಷ್ಟರಲ್ಲಿ ತರಬೇತಿಗೆಂದು ಲಂಡನ್ನಿಗೆ ಹೋಗಬೇಕಾಯಿತು. ಅಲ್ಲಿ ಹತ್ತಾರು ಗ್ರಂಥಾಲಯಗಳನ್ನು ಸುತ್ತಿ, ಮಕ್ಕಳು, ಕೂಲಿಗಳು, ಗೃಹಿಣಿಯರು ಪುಸ್ತಕ ಒಯ್ಯುವುದನ್ನು ಕಣ್ಣಾರೆ ಕಂಡು ಬಂದವರು ಬೇರೆಯೇ ಮನುಷ್ಯರಾಗಿದ್ದರು. 1929ರಲ್ಲಿ ಮದರಾಸಿನಲ್ಲಿ ಗ್ರಂಥಾಲಯ ವಿದ್ಯೆಯ ಬೇಸಿಗೆ ಶಿಬಿರ ತೆರೆದರು. 1931ರಲ್ಲಿ ಅವರ ಐದು ಸೂತ್ರಗಳ ಗ್ರಂಥ ಬಂತು. ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿಯೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಡಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರ ಜನ್ಮದಿನವನ್ನು ದೇಶದ ಗ್ರಂಥಪಾಲಕರು ಆಗಸ್ಟ್ 12ರಂದು ಆಚರಿಸುತ್ತಾರೆ. ಅಂದು ಹಾರ ಹಾಕುವುದರ ಜೊತೆಗೆ ಅವರ ಆ ಬೇಸರದ ದಿನಗಳನ್ನೂ ನೆನೆಯಬಹುದು. ಕೆಲಸ ಬಿಟ್ಟುಹೋಗಬೇಕೆಂದಿದ್ದವರನ್ನು ಹಿಡಿದು ನಿಲ್ಲಿಸಿದ್ದು ಬೇರೆ ಗ್ರಂಥಾಲಯಗಳನ್ನು ನೋಡಿಬರಲು ಸಿಕ್ಕ ಅವಕಾಶ. ಚೆನ್ನಾಗಿ ನಡೆಯುವ ಪಕ್ಕದ ಪಂಚಾಯಿತಿಯ ಗ್ರಂಥಾಲಯಕ್ಕೆ ಒಂದು ದಿನ ಹೋಗಿಬರುವುದು ನಮ್ಮ ಮೇಲ್ವಿಚಾರಕರಿಗೆ ಎಷ್ಟೋ ಭಾಷಣಗಳಿಗಿಂತ ಹೆಚ್ಚು ಕಲಿಸೀತು.

ಹಳ್ಳಿಯ ಒಂದೇ ಕೋಣೆಗೆ ಮೂರು ಬಗೆಯ ಓದುಗರು. ಬೆಳಿಗ್ಗೆ ಪತ್ರಿಕೆಗೆ ಬರುವ ಹಿರಿಯರು, ಇಡೀ ದಿನ ಕೂರುವ ಸ್ಪರ್ಧಾತ್ಮಕ ಪರೀಕ್ಷೆಯ ಯುವಕ-ಯುವತಿಯರು, ಸಂಜೆ ಧುಮುಕುವ ಮಕ್ಕಳು. ಪೊಲೀಸ್ ಪರೀಕ್ಷೆಗೋ ಪಿಡಿಓ ಪರೀಕ್ಷೆಗೋ ಓದುವವರಿಗೆ ಮಕ್ಕಳ ಗದ್ದಲ ಶತ್ರು. ಮಕ್ಕಳಿಗೆ 'ಗಲಾಟೆ ಮಾಡಬ್ಯಾಡ್ರಿ' ಎಂಬ ಮಾತೇ ಶತ್ರು. ಇದು ಸಣ್ಣ ಜಗಳವಲ್ಲ. ಒಂದು ಕಡೆ ಮನೆಯ ಬದುಕನ್ನೇ ಎತ್ತಬಹುದಾದ ನೌಕರಿ, ಇನ್ನೊಂದು ಕಡೆ ಓದಿನ ರುಚಿ ಹತ್ತಬೇಕಾದ ವಯಸ್ಸು. ಸಂಜೆಯ ಒಂದು ತಾಸು ಮಕ್ಕಳದು ಎಂದು ಹಲಗೆ ಹಾಕಿ ಪಾಲಿಸುವುದು, ಆ ಹೊತ್ತಿಗೆ ಪಂಚಾಯಿತಿ ಸಭಾಭವನವನ್ನು ದೊಡ್ಡವರಿಗೆ ಬಿಡಿಸಿಕೊಡುವುದು, ಅದೇ ಯುವಕರಿಂದಲೇ ವಾರಕ್ಕೊಂದು ದಿನ ಮಕ್ಕಳಿಗೆ ಗಣಿತ ಹೇಳಿಸುವುದು ಹೀಗೆ ದಾರಿಗಳಿವೆ. ಅವನ್ನು ಪುಸ್ತಕದಲ್ಲಿ ಓದಿ ಕಲಿಯಲಾಗದು. ಹತ್ತು ಊರಿನವರು ಒಂದೆಡೆ ಕೂತು ತಮ್ಮ ತಮ್ಮ ಪಜೀತಿ ಹೇಳಿಕೊಂಡಾಗ ಹೊಳೆಯುತ್ತವೆ.

ಇನ್ನು ಗ್ರಂಥಾಲಯದ ಬೆಂಬಲಿಗರು. ಈ ಸೀಮೆಗೆ ಅದು ಹೊಸದಲ್ಲ. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳು. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ದುಡಿಮೆಯೋ! ನಮ್ಮ ಕಾಲದಲ್ಲಿ, 2018ರಲ್ಲಿ ಲಿಂಗೈಕ್ಯರಾದ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ನೂರಾರು ಗ್ರಂಥಗಳನ್ನು ಹೊರತಂದು 'ಪುಸ್ತಕದ ಸ್ವಾಮೀಜಿ' ಎನಿಸಿಕೊಂಡರು. 1905ರಲ್ಲಿ ಸಹಕಾರ ಸಂಘ ಕಟ್ಟಿ ದೇಶಕ್ಕೇ ಮೇಲ್ಪಂಕ್ತಿಯಾದ ಕಣಗಿನಹಾಳವೂ ಗದಗ ತಾಲ್ಲೂಕಿನದೇ.

ಆದರೆ ದಾನಕ್ಕೂ ತಿಳಿವಳಿಕೆ ಬೇಕು. ಪುಸ್ತಕ ಜೋಳಿಗೆ ಹಿಡಿದು ಹೊರಟಲ್ಲೆಲ್ಲ ಬಂದು ಬೀಳುವುದು ಹಳೆಯ ಪಠ್ಯಕ್ರಮದ ಗೈಡುಗಳು, ಹರಿದ ಡೈರಿಗಳು, ಸನ್ಮಾನದಲ್ಲಿ ಸಿಕ್ಕು ಯಾರೂ ಬಿಚ್ಚದ ಸ್ಮರಣ ಸಂಚಿಕೆಗಳು. ಮನೆಯ ಕಸವನ್ನು ಗ್ರಂಥಾಲಯಕ್ಕೆ ಸಾಗಿಸುವುದು ದಾನವಲ್ಲ ಎಂಬುದನ್ನು ನಯವಾಗಿ ಹೇಳಲು ಕಲಿಯುವುದೂ ಗ್ರಂಥಪಾಲಕರ ವಿದ್ಯೆಯೇ. ಏನು ಬೇಕೆಂಬ ಪಟ್ಟಿಯನ್ನು ಅವರೇ ಬಾಗಿಲಿಗೆ ಅಂಟಿಸಿದರೆ ಕೊಡುವವರಿಗೂ ಸುಲಭ. ನಿವೃತ್ತ ಶಿಕ್ಷಕರು, ಸ್ವಸಹಾಯ ಸಂಘದ ಮಹಿಳೆಯರು, ಊರಿನಿಂದ ಹೊರಗೆ ನೌಕರಿಯಲ್ಲಿರುವವರು, ಎಲ್ಲರಿಗೂ ಅಲ್ಲಿ ಕೆಲಸವಿದೆ. ಹಣ ಕೊಡಲಾಗದ ತಾಯಿ ವಾರಕ್ಕೊಮ್ಮೆ ಬಂದು ಒಂದು ಕಥೆ ಹೇಳಿದರೂ ಅದು ಬೆಂಬಲವೇ.

ಇಷ್ಟೆಲ್ಲ ಕೆಲಸ ಹೇಳುವವರು ಒಂದು ಮಾತನ್ನು ಮರೆಯುತ್ತಾರೆ. ಒಂದೆರಡು ದಿನದ ಕಾರ್ಯಾಗಾರ, ಊಟ, ಪ್ರಮಾಣಪತ್ರ, ಗುಂಪು ಫೋಟೋ ಮುಗಿದ ಮೇಲೆ ಮೇಲ್ವಿಚಾರಕ ಒಬ್ಬಂಟಿ. ಆರು ತಿಂಗಳ ನಂತರ ಯಾರಾದರೂ ಬಂದು 'ಕಲಿತದ್ದರಲ್ಲಿ ಏನು ಮಾಡಲಾಯಿತು, ಏನು ಆಗಲಿಲ್ಲ?' ಎಂದು ಕೇಳದಿದ್ದರೆ ಆ ತರಬೇತಿ ನೆನಪಾಗಿ ಮಾತ್ರ ಉಳಿಯುತ್ತದೆ. ಹೊಟ್ಟೆಪಾಡಿನ ಚಿಂತೆಯಲ್ಲಿರುವವರಿಂದ ಉತ್ಸಾಹವನ್ನಷ್ಟೇ ಬೇಡುತ್ತ ಕೂರುವುದೂ ನ್ಯಾಯವಲ್ಲ.

ಸೊರಟೂರಿನ ಯುದ್ಧ ಹುಡುಕುತ್ತ ಬಂದ ಹುಡುಗಿಯ ಪ್ರಶ್ನೆ ಹಾಗೇ ಉಳಿಯಿತು. ತರಬೇತಾದ ಮೇಲ್ವಿಚಾರಕರು ಅವಳನ್ನು ಕರೆದುಕೊಂಡು ಮೊದಲು ಕರ್ನಾಟಕ ಇತಿಹಾಸದ ಪುಸ್ತಕ ತೆರೆಯುತ್ತಾರೆ. ಹಿಂದಿನ ಪುಟಗಳ ಹೆಸರುಸೂಚಿಯಲ್ಲಿ ಭಿಲ್ಲಮ, ಬಲ್ಲಾಳ ಎಂದು ಬೆರಳಿಟ್ಟು ಹುಡುಕುವುದನ್ನು ತೋರಿಸುತ್ತಾರೆ. ಗದಗ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ಗ್ಯಾಸೆಟಿಯರ್ ಬೇಕೆಂದರೆ ಧಾರವಾಡ ಜಿಲ್ಲೆಯದನ್ನು ನೋಡಬೇಕೆಂದು ತಿಳಿಸುತ್ತಾರೆ. ಶಾಸನಗಳ ಮಾತು ಬಂದರೆ, ಈ ಭಾಗ ಒಂದು ಕಾಲಕ್ಕೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲಿ ಮುಂಬಯಿ-ಕರ್ನಾಟಕದ ಸಂಪುಟಗಳನ್ನು ಹುಡುಕಬೇಕು. ಅಂಥ ಸಂಪುಟ ಪಂಚಾಯಿತಿಯ ಕಪಾಟಿನಲ್ಲಿ ಇರಲಾರದು. ಗದುಗಿನ ಜಿಲ್ಲಾ ಗ್ರಂಥಾಲಯಕ್ಕೆ ಒಂದು ಫೋನು ಮಾಡಿ, ಪುಸ್ತಕ ಅಲ್ಲಿದೆಯೇ, ಬೇಕಾದ ಪುಟದ ನಕಲು ಸಿಗಬಹುದೇ ಎಂದು ಕೇಳಿ, ಹುಡುಗಿಯ ಹೆಸರನ್ನೂ ಪ್ರಶ್ನೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, 'ಶುಕ್ರವಾರ ಬಾರವ್ವಾ' ಎನ್ನುತ್ತಾರೆ.