ಕಾಣದ ಸಂತೆಯ ಸವಾಲು

ಹರಾಜಿಗೆ ನಮ್ಮ ನಾಡಿನಲ್ಲಿ ಹಲವು ಹೆಸರುಗಳಿವೆ. ‘ಹರಾಜು’ ಎಂಬ ಮಾತು ಅರಬ್ಬೀ ಮೂಲದ್ದು. ‘ಸವಾಲು’ ಎಂಬುದೂ ಅಲ್ಲಿಯದೇ. ಅಲ್ಲಿ ಅದಕ್ಕೆ ಪ್ರಶ್ನೆ ಎಂದರ್ಥ. ಉತ್ತರ ಕರ್ನಾಟಕದವರು ಬಳಸುವ ‘ಲಿಲಾವು’ ಪೋರ್ಚುಗೀಸರಿಂದ ಬಂದದ್ದು. ಮಾತುಗಳು ಹೊರಗಿನವಾದರೂ ವ್ಯವಹಾರ ನಮಗೆ ಹೊಸದಲ್ಲ. ಇಂದು ಈ ಹರಾಜು ಕಟ್ಟೆಯನ್ನು ಬಿಟ್ಟು ಅಂಗೈಯಲ್ಲಿರುವ ಫೋನಿನೊಳಗೆ ಹೊಕ್ಕಿದೆ. ಅಲ್ಲಿ ಮೋಸಹೋಗದೆ ಕೊಳ್ಳುವುದು ಹೇಗೆ, ಮಾರುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ, ಹಳೆಯ ಹರಾಜು ನಮ್ಮನ್ನು ಹೇಗೆ ಕಾಯುತ್ತಿತ್ತು ಎಂಬುದನ್ನು ಮೊದಲು ನೋಡಬೇಕು.

ಚಳ್ಳಕೆರೆ ಸೀಮೆಯಲ್ಲಿ ಇದಕ್ಕೆ ಉದಾಹರಣೆಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವದಲ್ಲಿ ಮುಕ್ತಿಬಾವುಟವನ್ನು ಹರಾಜು ಹಾಕುತ್ತಾರೆ. ಇದು ಬಹಿರಂಗದ ಏರುಸವಾಲು. ಒಬ್ಬನ ಕೂಗು ಇನ್ನೊಬ್ಬನಿಗೆ ಕೇಳುತ್ತದೆ; ಭಕ್ತಿಯೂ ಪ್ರತಿಷ್ಠೆಯೂ ಸೇರಿ ಬೆಲೆ ಲಕ್ಷಗಳನ್ನು ದಾಟುತ್ತದೆ. ಎಣ್ಣೆಯ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯ ಕೃಷಿ ಮಾರುಕಟ್ಟೆಯಲ್ಲಿ ಶೇಂಗಾ ಮಾರಾಟವಾಗುವ ಬಗೆ ಬೇರೆ. ವರ್ತಕರು ರಾಶಿಯ ಬಳಿಗೆ ಬಂದು ಕಾಯಿ ಒಡೆದು, ಬೀಜ ಉಜ್ಜಿ ನೋಡಿ, ತಮಗೆ ತೋಚಿದ ದರವನ್ನು ಟೆಂಡರಿನಲ್ಲಿ ನಮೂದಿಸುತ್ತಾರೆ. ಒಬ್ಬನ ದರ ಇನ್ನೊಬ್ಬನಿಗೆ ತಿಳಿಯದು. ಹೆಚ್ಚಿನ ದರವೂ ಒಪ್ಪಿಗೆಯಾಗದಿದ್ದರೆ ಮಾಲನ್ನು ಕೊಡದಿರುವ ಹಕ್ಕು ರೈತನಿಗಿದೆ. ರಾಜ್ಯವು 2014ರಲ್ಲಿ ಆರಂಭಿಸಿದ ಏಕೀಕೃತ ಮಾರುಕಟ್ಟೆ ವೇದಿಕೆ ಈ ಚೀಟಿಯ ಟೆಂಡರನ್ನೇ ಗಣಕಯಂತ್ರಕ್ಕೆ ಏರಿಸಿತು. ದನದ ಜಾತ್ರೆಗಳಲ್ಲಿ ಇನ್ನೊಂದು ಪದ್ಧತಿಯುಂಟು: ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವುದು.

ಬಗೆಗಳು ಬೇರೆಯಾದರೂ ಇವೆಲ್ಲಕ್ಕೂ ಮೂರು ಕಾವಲುಗಳಿವೆ. ವಸ್ತು ಕಣ್ಣೆದುರಿಗಿರುತ್ತದೆ; ಎದುರಾಳಿಯ ಗುರುತಿರುತ್ತದೆ; ಹಣ ಸಾಕ್ಷಿಯ ಮುಂದೆ ಕೈ ಬದಲಾಗುತ್ತದೆ. ಅಂತರಜಾಲದ ಸಂತೆಯಲ್ಲಿ ಈ ಮೂರೂ ಒಟ್ಟಿಗೆ ಇಲ್ಲವಾಗುತ್ತವೆ. ಅವುಗಳ ಬದಲಿಗೆ ನಾವೇ ಬೇರೆ ಕಾವಲುಗಳನ್ನು ನಿಲ್ಲಿಸಿಕೊಳ್ಳಬೇಕು.

ಈ ಸಂತೆಗೆ ಅಮೆರಿಕದಲ್ಲಿ 1995ರಲ್ಲಿ ಹುಟ್ಟಿದ ಈಬೇ ಒಂದು ಮಾದರಿಯನ್ನು ಹಾಕಿಕೊಟ್ಟಿತು. ಅಲ್ಲಿ ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಯಂತ್ರಕ್ಕೆ ಗುಟ್ಟಾಗಿ ತಿಳಿಸುತ್ತಾನೆ. ಯಂತ್ರವು ಅವನ ಪರವಾಗಿ, ಎದುರಾಳಿಯನ್ನು ಮೀರಲು ಬೇಕಾದಷ್ಟನ್ನು ಮಾತ್ರ ಸ್ವಲ್ಪಸ್ವಲ್ಪವಾಗಿ ಕೂಗುತ್ತದೆ. ಗೆದ್ದವನು ಎರಡನೆಯವನ ಬೆಲೆಗಿಂತ ತುಸುವೇ ಹೆಚ್ಚು ತೆತ್ತರೆ ಸಾಕು. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲೇ ಇಂಥ ಹರಾಜನ್ನು ವಿವೇಚಿಸಿ, ಇದರಲ್ಲಿ ತನ್ನ ನಿಜವಾದ ಬೆಲೆಯನ್ನು ಹೇಳುವುದೇ ಜಾಣತನ ಎಂದು ತೋರಿಸಿದ್ದರು. ಈಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಇಂದು ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಹಳೆಯ ವಸ್ತುಗಳ ಜಾಹೀರಾತು ತಾಣಗಳು, ಫೋನಿನಲ್ಲಿ ಚಿತ್ರ ತೋರಿಸಿ ನಡೆಸುವ ಚೌಕಾಸಿ, ಸರಕಾರ ಮತ್ತು ಬ್ಯಾಂಕುಗಳ ಇ-ಹರಾಜು.

ಮೊದಲನೆಯ ಕಾವಲು ವಸ್ತುವಿನದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನೇ ತೆಗೆದುಕೊಳ್ಳೋಣ. ಕೈಮಗ್ಗದಲ್ಲಿ ದಿನಗಟ್ಟಲೆ ಕುಳಿತು ನೇಯ್ದ ಸೀರೆಯೂ, ಯಂತ್ರಮಗ್ಗದಲ್ಲಿ ಅಗ್ಗದ ನೂಲಿನಿಂದ ತೆಗೆದ ಅದರ ನಕಲೂ ಫೋನಿನ ಪರದೆಯ ಮೇಲೆ ಒಂದೇ ರೀತಿ ಹೊಳೆಯುತ್ತವೆ. ಇದರ ಪರಿಣಾಮವನ್ನು ಜಾರ್ಜ್ ಅಕರ್ಲಾಫ್ ಎಂಬವರು 1970ರಲ್ಲಿ ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲಕ್ಕೂ ನಡುವಣ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆ ನಕಲು ಮಾಡುವವನಿಗೆ ಲಾಭ. ನಿಜವಾದ ನೇಕಾರನಿಗೆ ಕೂಲಿಯೂ ಗಿಟ್ಟದು. ಅವನು ಮಗ್ಗ ಬಿಡುತ್ತಾನೆ, ನಕಲು ಉಳಿಯುತ್ತದೆ. ಆದ್ದರಿಂದ ಕೊಳ್ಳುವವರ ಎಚ್ಚರ ಬರಿಯ ಸ್ವಂತ ಲಾಭದ ಮಾತಲ್ಲ. ಒಂದು ಊರಿನ ಕಸುಬು ಉಳಿಯುವ ಮಾತೂ ಹೌದು.

ಇದಕ್ಕಾಗಿ ಮೂರು ಗುರುತುಗಳಿವೆ. ಜನ ಇವನ್ನು ಒಂದೇ ಎಂದು ಭಾವಿಸುವುದುಂಟು, ಅದು ಸರಿಯಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್, ನೂಲು ಅಪ್ಪಟ ರೇಷ್ಮೆ ಎಂದಷ್ಟೇ ಹೇಳುತ್ತದೆ. ಜರಿಯ ಬಗೆಗಾಗಲಿ ಮಗ್ಗದ ಬಗೆಗಾಗಲಿ ಅದು ಹೊಣೆಯಲ್ಲ. 2006ರ ಹ್ಯಾಂಡ್‌ಲೂಮ್ ಮಾರ್ಕ್, ಕೈಯಿಂದ ನೇಯ್ದದ್ದು ಎಂದು ಹೇಳುತ್ತದೆ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ದೊರೆತ ಭೌಗೋಳಿಕ ಗುರುತು, ಅದು ಆ ಊರಿನದು ಎಂದು ಹೇಳುತ್ತದೆ. ಕೊಳ್ಳುವವರು ಯಾವ ಗುರುತಿದೆ ಎಂದು ಕೇಳಬೇಕು. ಸೀರೆಯ ಮುಂಭಾಗದ ಚಿತ್ರದೊಡನೆ ಹಿಮ್ಮೈ, ಅಂಚು, ಸೆರಗುಗಳ ಚಿತ್ರಗಳನ್ನೂ ತರಿಸಿಕೊಳ್ಳಬೇಕು. ಸೀರೆ ಕೈಸೇರಿದ ಮೇಲೆ ಕುಚ್ಚಿನಿಂದ ಒಂದೆಳೆ ತೆಗೆದು ಸುಟ್ಟು ನೋಡಬಹುದು. ರೇಷ್ಮೆ ಸುಟ್ಟ ಕೂದಲಿನಂತೆ ನಾರಿ, ಬೆರಳಿಗೆ ಪುಡಿಯಾಗುವ ಬೂದಿಯಾಗುತ್ತದೆ; ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಗುಂಡಾಗುತ್ತದೆ.

ಮಾರುವವರ ಕರ್ತವ್ಯವೂ ಇಲ್ಲಿಯೇ ಇದೆ. ಚಳ್ಳಕೆರೆಯ ಕಂಬಳಿಯನ್ನು ದೂರದವರಿಗೆ ಮಾರುವವರು ಉದ್ದ, ಅಗಲ, ತೂಕಗಳನ್ನು ಬರೆಯಲಿ. ಹುಣಸೆಬೀಜದ ಗಂಜಿ ಹಾಕಿದ್ದರಿಂದ ಮೊದಲು ಒರಟಾಗಿರುತ್ತದೆ ಎಂಬುದನ್ನೂ ಬರೆಯಲಿ. ಚಿಕ್ಕ ಕುಂದನ್ನು ಮೊದಲೇ ಹೇಳಿದರೆ ಮಾಲು ಹಿಂದಿರುಗಿ ಬರುವುದು ತಪ್ಪುತ್ತದೆ, ಮಾತಿಗೆ ಬೆಲೆಯೂ ಬರುತ್ತದೆ.

ಎರಡನೆಯ ಕಾವಲು ಮನುಷ್ಯನದು. ಹರಾಜಿನಲ್ಲಿ ಮಾರುವವನೇ ಬೇನಾಮಿ ಹೆಸರಿನಲ್ಲಿ ಕೂಗಿ ಬೆಲೆ ಏರಿಸುವುದು ಹಳೆಯ ಕುತಂತ್ರ. ಕಟ್ಟೆಯ ಮೇಲೆ ಅಂಥವನನ್ನು ಊರೇ ಗುರುತಿಸುತ್ತದೆ. ಪರದೆಯ ಮೇಲೆ ಗುರುತಿಸುವವರಿಲ್ಲ. ಇದಕ್ಕೆ ಮದ್ದು ಒಂದೇ: ಕೂಗುವ ಮುನ್ನವೇ ನಮ್ಮ ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟು, ಅದನ್ನು ದಾಟದಿರುವುದು. ಮುಕ್ತಿಬಾವುಟಕ್ಕೆ ಭಕ್ತನು ಕೂಗುವ ಹುರುಪು ಹಳೆಯ ಮೋಟಾರ್ ಸೈಕಲ್ಲಿಗೆ ಸಲ್ಲದು. ತಾನು ಸೈನಿಕ, ವರ್ಗವಾಗಿದೆ, ಬೇಗ ಮಾರಬೇಕು ಎಂದು ನಂಬಿಸಿ ಮುಂಗಡ ಕೇಳುವವರ ಮೋಸ ದೇಶದಾದ್ಯಂತ ಪೊಲೀಸರ ಗಮನಕ್ಕೆ ಬಂದಿದೆ. ಸಮವಸ್ತ್ರದ ಚಿತ್ರವಾಗಲಿ ಗುರುತಿನ ಚೀಟಿಯ ಚಿತ್ರವಾಗಲಿ ಪ್ರಮಾಣವಲ್ಲ. ವಾಹನವಾದರೆ ಹಗಲಿನಲ್ಲಿ, ನಾಲ್ಕು ಜನರಿರುವ ಸ್ಥಳದಲ್ಲಿ, ಮೂಲ ದಾಖಲೆಗಳೊಡನೆ ನೋಡಿಯೇ ಹಣ ಕೊಡಬೇಕು.

ಬ್ಯಾಂಕುಗಳು ಸಾಲಕ್ಕಾಗಿ ವಶಪಡಿಸಿಕೊಂಡ ಮನೆ-ನಿವೇಶನಗಳನ್ನು 2002ರ ಕಾಯಿದೆಯಂತೆ ಹರಾಜು ಹಾಕುತ್ತವೆ. ಅವು ಸಾಮಾನ್ಯವಾಗಿ ‘ಇದ್ದಲ್ಲಿ ಇದ್ದಂತೆ’ ಮಾರಾಟ. ಒಳಗಿರುವ ಬಾಡಿಗೆದಾರ, ಬಾಕಿಯಿರುವ ಕಂದಾಯ ಎಲ್ಲವೂ ಕೊಂಡವನ ತಲೆಗೆ ಬರಬಹುದು. ಗೆದ್ದವನು ಕಾಲುಭಾಗವನ್ನು ಅಂದೇ ಇಲ್ಲವೆ ಮರುದಿನ ಕಟ್ಟಬೇಕು. ಉಳಿದದ್ದಕ್ಕೂ ಗಡುವಿರುತ್ತದೆ, ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲಾಗುತ್ತದೆ. ಪ್ರಕಟಣೆಯಲ್ಲಿರುವ ಶಾಖೆಗೆ ಸ್ವತಃ ಹೋಗಿ ವಿಚಾರಿಸದೆ ಠೇವಣಿ ಕಟ್ಟಬಾರದು.

ಮೂರನೆಯ ಕಾವಲು ಹಣದ್ದು. 2016ರಲ್ಲಿ ಯುಪಿಐ ಬಂದಮೇಲೆ ಹಣ ಕ್ಷಣದಲ್ಲಿ ಓಡಾಡುತ್ತದೆ. ಆ ವೇಗವೇ ಕಳ್ಳನಿಗೂ ಅನುಕೂಲ. ಒಂದು ಸೂತ್ರವನ್ನು ಮನೆಯವರೆಲ್ಲ ನೆನಪಿಟ್ಟುಕೊಂಡರೆ ಎಷ್ಟೋ ಅನಾಹುತ ತಪ್ಪುತ್ತದೆ: ಹಣ ಪಡೆಯುವುದಕ್ಕೆ ಗುಪ್ತ ಪಿನ್ ಬೇಕಾಗಿಲ್ಲ, ಪಿನ್ ಒತ್ತಿದರೆ ನಮ್ಮ ಹಣ ಹೋಗುತ್ತದೆ. ‘ನಿಮ್ಮ ಕಂಬಳಿಗೆ ಹಣ ಕಳಿಸುತ್ತೇನೆ, ಈ ಚೌಕುಳಿ ಗುರುತನ್ನು ಸ್ಕ್ಯಾನ್ ಮಾಡಿ, ಪಿನ್ ಹಾಕಿ’ ಎನ್ನುವವನು ಕೊಳ್ಳುವವನಲ್ಲ. ಹಣ ಬಂದಿದೆ ಎಂದು ತೋರಿಸುವ ಚಿತ್ರವನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ನಮ್ಮ ಖಾತೆಯನ್ನು ನಾವೇ ತೆರೆದು ನೋಡಿದ ಮೇಲೆ ಮಾಲು ಕೊಡಬೇಕು. ‘ತಪ್ಪಿ ಹೆಚ್ಚು ಕಳಿಸಿದ್ದೇನೆ, ಉಳಿದದ್ದನ್ನು ಹಿಂದಿರುಗಿಸಿ’ ಎಂಬ ಅವಸರಕ್ಕೂ ಇದೇ ಉತ್ತರ. ತಾಣದೊಳಗೆ ಆರಂಭವಾದ ವ್ಯವಹಾರವನ್ನು ತಾಣದ ಹೊರಗೆ ಮುಗಿಸೋಣ ಎಂದು ಕರೆದರೆ ಹೋಗಬಾರದು. ಹೋದರೆ ತಾಣದ ರಕ್ಷಣೆ ಕಳೆದುಹೋಗುತ್ತದೆ.

ಇಷ್ಟಾಗಿಯೂ ಮೋಸವಾದರೆ ನಾಚಿಕೆಯಿಂದ ಮುಚ್ಚಿಡಬಾರದು. 1930 ಎಂಬ ಸಂಖ್ಯೆಗೆ ಕೂಡಲೇ ದೂರು ಕೊಟ್ಟರೆ, ಹಣ ಖಾತೆಯಿಂದ ಖಾತೆಗೆ ಜಾರುವ ಮೊದಲೇ ಅದನ್ನು ತಡೆಹಿಡಿಯುವ ಸಾಧ್ಯತೆಯಿದೆ. ಇಲ್ಲಿ ಗಂಟೆಗಳಲ್ಲ, ನಿಮಿಷಗಳೇ ಮುಖ್ಯ. ನಕಲಿ ಅಥವಾ ಕೆಟ್ಟ ಮಾಲು ಬಂದ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಕೊಂಡವರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಚಿತ್ರ, ಸಂದೇಶ, ರಸೀತಿಗಳನ್ನು ಅಳಿಸದೆ ಇಟ್ಟುಕೊಂಡಿರಬೇಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ. ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ ಇವುಗಳ ಜೊತೆಗೆ ನಿಜವನ್ನೇ ನುಡಿಯಬೇಕೆಂದು ಅದು ವಿಧಿಸುತ್ತದೆ. ಅದನ್ನು ಬರೆದ ಚಪಡನೆಂಬ ಲಿಪಿಕಾರ ಕೊನೆಗೆ ತನ್ನ ಹೆಸರನ್ನೂ ಹಾಕಿದ್ದಾನೆ. ಹೇಳುವುದು ನಿಜವಾಗಿರಬೇಕು, ಹೇಳಿದವನ ಹೆಸರು ತಿಳಿದಿರಬೇಕು. ಕಾಣದ ಸಂತೆಯಲ್ಲಿ ಕೊಳ್ಳುವವರೂ ಮಾರುವವರೂ ಒಬ್ಬರಿಂದೊಬ್ಬರು ಕೇಳಬೇಕಾದದ್ದು ಈ ಎರಡನ್ನೇ.