ಬೀಜದ ಜೊತೆ ಊರಿನ ಹೆಸರೂ ಇರಲಿ

ಹೋಮಿಯೋಪಥಿ ಔಷಧದ ಅಂಗಡಿಯಲ್ಲಿ ‘ಎಕಿನೇಶಿಯ’ ಎಂದು ಕೇಳಿದರೆ ಒಂದು ಪುಟ್ಟ ಬಾಟಲಿ ಕೈಗೆ ಬರುತ್ತದೆ. ಆ ಔಷಧದ ಗಿಡ ಕೋನ್‌ಫ್ಲವರ್. ಉತ್ತರ ಅಮೆರಿಕದ ಹುಲ್ಲುಗಾವಲು ಅದರ ತವರು. ನಮ್ಮ ಸೇವಂತಿಗೆ, ಸೂರ್ಯಕಾಂತಿಗಳು ಅದರ ನೆಂಟರು. ಹೂವಿನ ನಡುವೆ ಎದ್ದು ನಿಲ್ಲುವ ಮುಳ್ಳುಗುಡ್ಡೆಯನ್ನು ಕಂಡು, ಜರ್ಮನಿಯ ಸಸ್ಯವಿಜ್ಞಾನಿ ಕಾನ್ರಾಡ್ ಮೋಂಖ್ 1794ರಲ್ಲಿ ಇದಕ್ಕೆ ಮುಳ್ಳಿಲಿಯ ಗ್ರೀಕ್ ಹೆಸರನ್ನೇ ಇಟ್ಟ.

ಲಕೋಟ, ಶಯೆನ್ ಮೊದಲಾದ ಉತ್ತರ ಅಮೆರಿಕದ ಮೂಲನಿವಾಸಿಗಳಿಗೆ ಹಲ್ಲುನೋವು, ಗಂಟಲುನೋವಿಗೆ ಇದರ ಬೇರೇ ಮದ್ದು. ಅದು ಯುರೋಪಿಗೆ ಹೋದ ಕತೆಯಲ್ಲೊಂದು ಎಡವಟ್ಟಿದೆ. 1930ರ ದಶಕದಲ್ಲಿ ಜರ್ಮನಿಯ ಔಷಧ ತಯಾರಕ ಗೆರ್ಹಾರ್ಡ್ ಮಾಡೌಸ್ ‘ಅಂಗುಸ್ಟಿಫೋಲಿಯ’ ಎಂಬ ಪ್ರಭೇದದ್ದೆಂದು ನಂಬಿ ಅಮೆರಿಕದಿಂದ ಬೀಜ ತರಿಸಿ ಬಿತ್ತಿದ. ಎದ್ದು ಬಂದದ್ದು ಇನ್ನೊಂದು ಪ್ರಭೇದ ‘ಪರ್ಪ್ಯೂರಿಯ’! ಅಲ್ಲಿನ ಔಷಧೋದ್ಯಮ ಬೆಳೆದದ್ದು ಆ ಗಿಡದ ಮೇಲೆಯೇ. ಮುಂದೆ ಒಣಬೇರಿನ ವ್ಯಾಪಾರದಲ್ಲೂ ಕಲಬೆರಕೆಯಾಯಿತು. ನಮ್ಮ ಕಾಂಗ್ರೆಸ್ ಗಿಡದ ದಾಯಾದಿಯೊಂದರ ಬೇರು ಎಕಿನೇಶಿಯ ಹೆಸರಿನಲ್ಲಿ ಪ್ರಯೋಗಾಲಯ ಸೇರಿತ್ತು ಎಂಬುದು ಬಯಲಾಗುವಾಗ 1980ರ ದಶಕ ಬಂದಿತ್ತು.

1990ರ ದಶಕದಲ್ಲಿ ನೆಗಡಿಯ ಮದ್ದೆಂದು ಅಮೆರಿಕದಲ್ಲಿ ಬೇಡಿಕೆ ಏರಿದಾಗ ಬೇರು ಅಗೆಯಲು ಗುದ್ದಲಿಗಳು ಹುಲ್ಲುಗಾವಲಿಗಿಳಿದವು. ಆಗ ಅಯೋವಾ ರಾಜ್ಯದ ಏಮ್ಸ್‌ನಲ್ಲಿ 1948ರಿಂದಲೂ ಇರುವ ಸರ್ಕಾರಿ ಸಸ್ಯ ಸಂಗ್ರಹ ಕೇಂದ್ರ ಕಾಡು ಕೋನ್‌ಫ್ಲವರ್‌ನ ಬೀಜಗಳನ್ನು ಕೂಡಿಸತೊಡಗಿತು. ಸಸ್ಯವಿಜ್ಞಾನಿ ಮಾರ್ಕ್ ವಿಡ್ರ್ಲೆಕ್ನರ್ ಮತ್ತು ಸಂಗಡಿಗರು, 1968ರಲ್ಲಿ ರೊನಾಲ್ಡ್ ಮೆಕ್‌ಗ್ರೆಗರ್ ಗುರುತಿಸಿದ್ದ ಒಂಬತ್ತೂ ಪ್ರಭೇದಗಳನ್ನು ಒಂದೆಡೆ ತಂದರು. ಪೊಟ್ಟಣದಲ್ಲಿ ಬೀಜವಷ್ಟೇ ಇದ್ದರೆ ಸಾಲದು. ಯಾವ ಜಿಲ್ಲೆ, ಎಂಥ ನೆಲ, ಯಾವ ದಿನ ಆರಿಸಿದ್ದು ಎಂಬ ವಿವರವೂ ದಾಖಲಾಗಬೇಕು. ಇದನ್ನು ಅಲ್ಲಿ ಬೀಜದ ‘ಪಾಸ್‌ಪೋರ್ಟ್’ ಎನ್ನುತ್ತಾರೆ.

ಒಣಗಿಸಿ ತಣ್ಣಗೆ ಇಟ್ಟರೂ ಬೀಜಕ್ಕೆ ವಯಸ್ಸಾಗುತ್ತದೆ. ಆಗಾಗ ಬಿತ್ತಿ ಹೊಸ ಬೀಜ ಪಡೆಯಲೇಬೇಕು. ಕಾಡುಬೀಜವೋ ಸುಲಭಕ್ಕೆ ಮೊಳೆಯದು. ತೇವದಲ್ಲಿ ವಾರಗಟ್ಟಲೆ ಚಳಿ ಉಣಿಸಬೇಕು, ಇಲ್ಲವೇ ಎಥಿಲೀನ್ ಹೊಮ್ಮಿಸುವ ದ್ರಾವಣದಿಂದ ಎಬ್ಬಿಸಬೇಕು. ಹೂವಿಗೆ ತನ್ನದೇ ಪರಾಗ ಒಗ್ಗುವುದಿಲ್ಲ. ಹಾಗೆಂದು ಬಯಲಲ್ಲಿ ಬಿಟ್ಟರೆ ಪಕ್ಕದ ಸಾಲಿನ ಜಾತಿಯೊಂದಿಗೆ ಬೆರೆತುಹೋಗುತ್ತದೆ. ಅದಕ್ಕಾಗಿ ಒಂದೊಂದು ಊರಿನ ಗಿಡಗಳಿಗೂ ಒಂದೊಂದು ಬಲೆಯ ಮನೆ ಕಟ್ಟಿ, ಒಳಗೆ ಜೇನ್ನೊಣ ಬಿಡುತ್ತಾರೆ. ಏಮ್ಸ್‌ಗೆ ಬೆಂಕಿಯೋ ನೆರೆಯೋ ಬಂದರೆ ಎಂದು, ಕೊಲರಾಡೊದ ಫೋರ್ಟ್ ಕಾಲಿನ್ಸ್‌ನ ರಾಷ್ಟ್ರೀಯ ಭಂಡಾರದಲ್ಲಿ ಮೈನಸ್ 18 ಡಿಗ್ರಿಯ ಚಳಿಯಲ್ಲಿ ಇನ್ನೊಂದು ಪಾಲು ಇಡುವ ಏರ್ಪಾಡೂ ಇದೆ.

ಆದರೆ ಬೀಜ ಮರಳಲು ನೆಲವೂ ಉಳಿದಿರಬೇಕು. ಟೆನೆಸ್ಸಿಯ ಕೋನ್‌ಫ್ಲವರ್ ಅಳಿದೇಹೋಯಿತೆಂದು ಜನ ನಂಬಿದ್ದರು. 1960ರ ದಶಕದ ಕೊನೆಯಲ್ಲಿ ನ್ಯಾಶ್‌ವಿಲ್ ಸುತ್ತಲಿನ ಸುಣ್ಣಕಲ್ಲಿನ ಬಯಲುಗಳಲ್ಲಿ ಅದು ಮತ್ತೆ ಕಾಣಿಸಿತು. 1979ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಬಯಲುಗಳನ್ನು ಕಾಯ್ದು, ಬೀಜ ಬಿತ್ತಿ, ಸಸಿ ನೆಟ್ಟ ಮೇಲೆ 2011ರಲ್ಲಿ ಪಟ್ಟಿಯಿಂದ ಹೊರಬಂತು.

ಮುಂದಿನ ಸಲ ಅಜ್ಜಿ ಕೊಟ್ಟ ಅವರೆಬೀಜವನ್ನು ಡಬ್ಬಿಗೆ ತುಂಬುವಾಗ ಮೇಲೊಂದು ಚೀಟಿ ಅಂಟಿಸಿ. ಅದರಲ್ಲಿ ಊರಿನ ಹೆಸರೂ ಇರಲಿ.