ಬೆಳಕನ್ನು ನೋಡುವ ಬಗೆ

'ಫೋಟೋಗ್ರಫಿ' ಎಂಬ ಶಬ್ದಕ್ಕೆ ಗ್ರೀಕ್ ಮೂಲದಲ್ಲಿ 'ಬೆಳಕಿನ ಬರಹ' ಎಂದು ಅರ್ಥ. 1839ರಲ್ಲಿ ಖಗೋಳಜ್ಞ ಜಾನ್ ಹರ್ಷೆಲ್ ಈ ಮಾತನ್ನು ಬಳಸಿದ ಮೇಲೆ ಅದು ಲೋಕರೂಢಿಗೆ ಬಂದಿತು. ನಮ್ಮವರು ಇದಕ್ಕೆ 'ಛಾಯಾಚಿತ್ರ' ಎಂದರು. ಅವರು ಬೆಳಕಿನಿಂದ ಹೆಸರಿಟ್ಟರು, ನಾವು ನೆರಳಿನಿಂದ. ಆದರೆ ಇದರಲ್ಲಿ ವಿರೋಧವೇನೂ ಇಲ್ಲ. ಸಂಸ್ಕೃತದ 'ಛಾಯಾ' ಶಬ್ದಕ್ಕೆ ನೆರಳು, ಪ್ರತಿಬಿಂಬ, ಕಾಂತಿ ಎಂಬ ಮೂರು ಅರ್ಥಗಳೂ ಉಂಟು. ಈ ಮೂರೂ ಒಂದೆಡೆ ಕೂಡಿದಾಗಲೇ ಚಿತ್ರವಾಗುತ್ತದೆ. ಕ್ಯಾಮೆರಾ ಹಿಡಿಯಲು ಹೊರಟವರು ಮೊದಲು ಅರಿಯಬೇಕಾದ ತತ್ತ್ವ ಇದೇ.

ಇಂದು ಪ್ರತಿ ಮನೆಯಲ್ಲಿಯೂ ಕ್ಯಾಮೆರಾ ಇದೆ. ಜೇಬಿನ ಮೊಬೈಲಿನಲ್ಲೇ ಇದೆ. ಆದರೂ ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಒಳ್ಳೆಯ ಚಿತ್ರಕ್ಕಾಗಿ ಮನೆಮಂದಿ ಪರದಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸಾವಿರ ಚಿತ್ರಗಳಿರುತ್ತವೆ. ಒಂದರಲ್ಲಿ ಕಣ್ಣಗುಳಿಗಳು ಕಪ್ಪು. ಇನ್ನೊಂದರಲ್ಲಿ ಹಣೆ ಬೆಳ್ಳಗೆ ಹೊಳೆಯುತ್ತದೆ, ಮುಖವಿಲ್ಲ. ಮತ್ತೊಂದರಲ್ಲಿ ಬೆನ್ನ ಹಿಂದಿನ ಕಿಟಕಿ ಉಜ್ವಲ, ಅಜ್ಜಿ ಮಾತ್ರ ಬರಿಯ ಕರಿಯ ಆಕೃತಿ. ಕೊರತೆ ಯಂತ್ರದ್ದಲ್ಲ, ಬೆಳಕಿನ ಅರಿವಿನದು. ಆದ್ದರಿಂದ ಈ ವಿಷಯ ಹವ್ಯಾಸಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ನಾನು ತಿಳಿದಿಲ್ಲ.

ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ದೀಪದ ಹೋಲಿಕೆಯೊಂದನ್ನು ತರುತ್ತಾನೆ. ವಸ್ತುವನ್ನು ಕಾಣಬಯಸುವವನು ದೀಪವನ್ನು ಜೋಪಾನ ಮಾಡುವಂತೆ, ಧ್ವನಿಯನ್ನು ಬಯಸುವವನು ವಾಚ್ಯಾರ್ಥವನ್ನು ಜೋಪಾನ ಮಾಡುತ್ತಾನೆಂಬುದು ಅದರ ತಾತ್ಪರ್ಯ. ದಿನಬಳಕೆಯಲ್ಲಿ ನಾವೆಲ್ಲರೂ ಹಾಗೆಯೇ. ವಸ್ತುವನ್ನು ನೋಡುತ್ತೇವೆ, ಬೆಳಕನ್ನು ಮರೆತಿರುತ್ತೇವೆ. ಛಾಯಾಗ್ರಾಹಕನು ಈ ಅಭ್ಯಾಸವನ್ನು ತಿರುಗಿಸಬೇಕು. ಮುಖವನ್ನು ನೋಡುವ ಮೊದಲು, ಬೆಳಕು ಎತ್ತಣಿಂದ ಬರುತ್ತಿದೆ, ಎಷ್ಟು ಮೆದುವಾಗಿದೆ, ಯಾವ ಬಣ್ಣದ್ದು, ಎಷ್ಟಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲನೆಯದು ದಿಕ್ಕು. ಎದುರಿನಿಂದ ನೇರವಾಗಿ ಬಿದ್ದ ಬೆಳಕು ಎಲ್ಲವನ್ನೂ ತೋರಿಸುತ್ತದೆ, ಆದರೆ ಉಬ್ಬುತಗ್ಗುಗಳನ್ನು ಅಳಿಸಿಬಿಡುತ್ತದೆ. ಪಕ್ಕದಿಂದ ಬಿದ್ದ ಬೆಳಕು ಅವನ್ನು ಎತ್ತಿ ಹಿಡಿಯುತ್ತದೆ. ಬೇಲೂರಿನ ಹೊರಗೋಡೆಯ ಶಿಲ್ಪಗಳನ್ನು ಓರೆಬಿಸಿಲಿನಲ್ಲೊಮ್ಮೆ, ಮೋಡದ ಮಬ್ಬಿನಲ್ಲೊಮ್ಮೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ದೂರ ಹೋಗಲಾರದವರು ಲಾಲ್‌ಬಾಗಿನ ಬಂಡೆಗೆ ಹೋಗಬಹುದು. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆಯ ಪಟ್ಟೆಗಳೂ ಸುಕ್ಕುಗಳೂ ಮುಂಜಾನೆ ಏಳರ ಬಿಸಿಲಿನಲ್ಲಿ ಎದ್ದು ಕಾಣುತ್ತವೆ. ನಡುಹಗಲಿನಲ್ಲಿ ಅದೇ ಬಂಡೆ ಚಪ್ಪಟೆಯಾದ ಬಿಳಿಯ ಹರವು.

ದಿಕ್ಕಿನ ಮಹತ್ವವನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಗವಿಪುರದ ಗಂಗಾಧರೇಶ್ವರನ ಗುಹಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಜನರು ಅದನ್ನು ಸೂರ್ಯನ ಪೂಜೆಯೆನ್ನುತ್ತಾರೆ. ಅದರಲ್ಲಿ ಛಾಯಾಗ್ರಾಹಕನಿಗೂ ಒಂದು ಪಾಠವಿದೆ: ಸ್ಥಳ ಇದ್ದಲ್ಲಿಯೇ ಇರುತ್ತದೆ, ಬೆಳಕು ಬರುವ ಗಳಿಗೆಗಾಗಿ ನಾವು ಕಾಯಬೇಕು.

ಎರಡನೆಯದು ಬೆಳಕಿನ ಮೆದುತನ. ಇದನ್ನು ವಿವರಿಸಲು ಪುರಾಣದ ಕಥೆಯೊಂದು ನೆರವಾಗುತ್ತದೆ. ಸೂರ್ಯನ ಮಡದಿ ಸಂಜ್ಞಾದೇವಿ ಪತಿಯ ತೇಜಸ್ಸನ್ನು ತಾಳಲಾರದೆ ತನ್ನ ನೆರಳಾದ ಛಾಯೆಯನ್ನು ಮನೆಯಲ್ಲಿರಿಸಿ ಹೊರಟುಹೋದಳು. ಕೊನೆಗೆ ಅವಳ ತಂದೆ ವಿಶ್ವಕರ್ಮನು ಸೂರ್ಯನನ್ನು ಸಾಣೆಗೆ ಹಿಡಿದು ಅವನ ಪ್ರಖರತೆಯನ್ನು ತಗ್ಗಿಸಿದನು. ಭಾವಚಿತ್ರ ತೆಗೆಯುವವರ ಮುಂದಿರುವ ದಾರಿಗಳೂ ಇವೇ ಎರಡು. ಒಂದೋ ನೆರಳಿಗೆ ಸರಿಯಬೇಕು, ಇಲ್ಲವೇ ಬಿಸಿಲಿಗೆ ಸಾಣೆ ಹಿಡಿಯಬೇಕು.

ಕಾರಣ ಸರಳವಾದುದು. ಬೆಳಕಿನ ಮೂಲ ವಸ್ತುವಿನ ದೃಷ್ಟಿಗೆ ಚಿಕ್ಕದಾಗಿದ್ದಷ್ಟೂ ನೆರಳಿನ ಅಂಚು ಹರಿತ, ದೊಡ್ಡದಾಗಿದ್ದಷ್ಟೂ ಮೃದು. ಸೂರ್ಯ ಎಷ್ಟು ದೊಡ್ಡವನಾದರೂ ನಮ್ಮ ಆಕಾಶದಲ್ಲಿ ಒಂದು ಸಣ್ಣ ಬಿಲ್ಲೆ. ಅವನ ಬಿಸಿಲಿನಲ್ಲಿ ಮೂಗಿನ ನೆರಳು ಗೆರೆ ಎಳೆದಂತೆ ತುಟಿಯ ಮೇಲೆ ಬೀಳುತ್ತದೆ. ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುತ್ತದೆ. ಆಷಾಢದ ಬೆಂಗಳೂರಿನ ಮಂಕು ಹಗಲನ್ನು ಹಳಿಯುವವರುಂಟು. ಮುಖಗಳ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಬಣ್ಣಗೆಟ್ಟ ಆಕಾಶವನ್ನು ಮಾತ್ರ ಚೌಕಟ್ಟಿನಿಂದ ಹೊರಗಿಟ್ಟರಾಯಿತು. ಬಿಸಿಲು ಬೀಳುವ ಕಿಟಕಿಗೆ ತೆಳುವಾದ ಬಿಳಿಯ ಪಂಚೆಯೊಂದನ್ನು ಇಳಿಬಿಟ್ಟರೆ ಆ ಪಂಚೆಯೇ ದೊಡ್ಡ ದೀಪವಾಗುತ್ತದೆ. ವಿಶ್ವಕರ್ಮನ ಸಾಣೆ ಅಷ್ಟು ಅಗ್ಗವಾಗಿ ನಮಗೆ ದೊರೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಯುರೋಪಿನವರು ಬರೆದ ಪುಸ್ತಕಗಳು ಉತ್ತರದ ಕಿಟಕಿಯನ್ನು ಬಹಳವಾಗಿ ಹೊಗಳುತ್ತವೆ, ಅಲ್ಲಿ ಬಿಸಿಲು ಬೀಳುವುದಿಲ್ಲವೆಂದು. ಅವರ ನಾಡಿಗೆ ಅದು ಬಹುಮಟ್ಟಿಗೆ ಸರಿ. ನಮ್ಮ ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ. ಆಗಸ್ಟ್ 18ರ ಸುಮಾರಿಗೆ ಹಿಂತಿರುಗುತ್ತಾನೆ. ಆ ನಾಲ್ಕು ತಿಂಗಳು ನಡುಹಗಲಿನ ಬಿಸಿಲು ನಮಗೆ ಉತ್ತರದಿಂದಲೇ ಬರುತ್ತದೆ. ಆ ಎರಡು ದಿನಗಳ ಹನ್ನೆರಡೂಕಾಲು ಗಂಟೆಯ ಆಸುಪಾಸಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮನುಷ್ಯನ ಮುಖಕ್ಕೆ ಮಾತ್ರ ಹುಬ್ಬಿನ ಕೆಳಗೂ ಗಲ್ಲದ ಕೆಳಗೂ ನೆರಳು ತುಂಬಿರುತ್ತದೆ. ಮದುವೆಮನೆಯ ಗುಂಪುಚಿತ್ರಗಳನ್ನು ಊಟದ ಹೊತ್ತಿಗೆ ಅಂಗಳದಲ್ಲಿ ತೆಗೆಯುವ ವಾಡಿಕೆಯನ್ನು ನಾವು ಬಿಡಬೇಕೆನ್ನಲು ಇದೇ ಕಾರಣ.

ಮೂರನೆಯದು ಬಣ್ಣ. ನಡುಹಗಲಿನ ಬಿಸಿಲಿನ ವರ್ಣತಾಪ ಸುಮಾರು 5500 ಕೆಲ್ವಿನ್. ಹಳೆಯ ತಂತಿಯ ಬಲ್ಬಿನದು ಸುಮಾರು 2800. ಎಣ್ಣೆಯ ದೀಪದ್ದು 2000ದ ಹತ್ತಿರ. ಅಂಕಿ ಇಳಿದಂತೆ ಬೆಳಕು ಕೆಂಪಿಗೆ, ಏರಿದಂತೆ ನೀಲಿಗೆ ತಿರುಗುತ್ತದೆ. ನಮ್ಮ ಮನಸ್ಸು ಈ ಭೇದವನ್ನು ತಾನಾಗಿಯೇ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾ ಒಮ್ಮೆಗೆ ಒಂದು ಬೆಳಕಿಗೆ ಮಾತ್ರ ಹೊಂದಿಕೊಳ್ಳಬಲ್ಲದು. ಆದಕಾರಣ ಕಿಟಕಿಯ ಬಳಿ ಚಿತ್ರ ತೆಗೆಯುವಾಗ ಕೋಣೆಯ ದೀಪವನ್ನು ಆರಿಸಿಬಿಡುವುದು ಲೇಸು. ಇಲ್ಲವಾದರೆ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಸಂಜೆಯ ಹೊಂಬಣ್ಣವನ್ನು ಬಯಸುವವರು ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ನಮ್ಮ ಸೀಮೆಯಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಕ್ಷಿತಿಜಕ್ಕಿಂತ ಆರು ಡಿಗ್ರಿ ಮೇಲಿದ್ದವನು ಮುಳುಗಲು ಇಲ್ಲಿ ಸುಮಾರು 25 ನಿಮಿಷ. ಮಾರ್ಚ್ ತಿಂಗಳ ಲಂಡನ್ನಿನಲ್ಲಿ 40ರ ಹತ್ತಿರ. ಮಡಿವಾಳ ಕೆರೆಯ ದಂಡೆಯಲ್ಲಾಗಲಿ ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಬಳಿಯಲ್ಲಾಗಲಿ ಗೋಧೂಳಿಯ ಚಿತ್ರ ಬೇಕಾದವರು ಮೊದಲೇ ಹೋಗಿ ನಿಂತಿರಬೇಕು.

ನಾಲ್ಕನೆಯದು ಪ್ರಮಾಣ. ಫಿಲ್ಮಿನ ಕಾಲದಿಂದ ಒಂದು ಸುಲಭ ಸೂತ್ರ ನಡೆದುಬಂದಿದೆ. ಹೊಳೆಯುವ ಬಿಸಿಲಿನಲ್ಲಿ ಮಸೂರದ ಕಂಡಿಯ ಅಂಕಿ 16 ಇರಲಿ, ಫಿಲ್ಮಿನ ವೇಗ 100 ಆದರೆ ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಬೆಳಕು ಬಿಡಬೇಕು. ಅದೇ ವ್ಯಕ್ತಿ ಕಟ್ಟಡದ ನೆರಳಿಗೆ ಸರಿದರೆ ಕಂಡಿಯನ್ನು 5.6ಕ್ಕೆ ತೆರೆಯಬೇಕು. ಎಂದರೆ ಎಂಟು ಪಾಲು ಹೆಚ್ಚು ಬೆಳಕು ಬೇಕು! ಜಯನಗರದ ಸಾಲುಮರಗಳ ಕೆಳಗೆ ನಡೆಯುವಾಗ ನಮ್ಮ ಕಣ್ಣು ಈ ಎಂಟು ಪಾಲಿನ ಅಂತರವನ್ನು ಗಣನೆಗೇ ತಾರದು. ಕ್ಯಾಮೆರಾಕ್ಕೆ ಆ ಔದಾರ್ಯವಿಲ್ಲ. ಎಲೆಗಳ ನಡುವಿನಿಂದ ಚುಕ್ಕೆಚುಕ್ಕೆಯಾಗಿ ಬಿದ್ದ ಬಿಸಿಲಿನಲ್ಲಿ ಯಾರನ್ನೂ ನಿಲ್ಲಿಸಬಾರದು. ಪೂರ್ಣ ನೆರಳು ಬೇರೆ, ಹರಿದ ನೆರಳು ಬೇರೆ.

ಇಂದಿನ ಯಂತ್ರಗಳು ಈ ಲೆಕ್ಕವನ್ನು ತಾವೇ ಮಾಡುತ್ತವೆ, ನಿಜ. ಆದರೆ ಬೆಳಕನ್ನು ಅಳೆಯುವ ಯಂತ್ರ ಮೂಲತಃ ಲೋಕವೆಲ್ಲ ನಡುಬೂದು ಬಣ್ಣದ್ದೆಂದು ನಂಬಿ ನಡೆಯುತ್ತದೆ. ಗಾಂಧಿ ಬಜಾರಿನ ಮಲ್ಲಿಗೆ ರಾಶಿಯನ್ನು ತೋರಿಸಿದರೆ ಅದನ್ನು ಮಂಕಾಗಿಸುತ್ತದೆ. ಬಸವನಗುಡಿಯ ದೊಡ್ಡ ಬಸವನ ಕರಿಮೈಯನ್ನು ತೋರಿಸಿದರೆ ಬೂದಿ ಬಳಿದಂತೆ ಮಾಡುತ್ತದೆ. ಬಿಳಿಯದಕ್ಕೆ ಬೆಳಕನ್ನು ಹೆಚ್ಚಿಸಿ, ಕರಿಯದಕ್ಕೆ ತಗ್ಗಿಸಿ ಆ ತಪ್ಪನ್ನು ನಾವು ತಿದ್ದಬೇಕು. ಮೊಬೈಲಿನಲ್ಲಾದರೆ ಪರದೆಯ ಮೇಲೆ ಮುಖವನ್ನು ಬೆರಳಿನಿಂದ ಮುಟ್ಟಿ, ಬೆಳಕನ್ನು ಮೇಲೆ ಕೆಳಗೆ ಸರಿಸಲು ಅವಕಾಶವಿರುತ್ತದೆ.

ಈ ತಿದ್ದುವಿಕೆ ನಮ್ಮ ಮೈಬಣ್ಣಕ್ಕೆ ಬಂದಾಗ ಕೇವಲ ತಂತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಮುದ್ರಣದ ವರ್ಣಗಳನ್ನು ಹೊಂದಿಸಲು ಕೊಡಕ್ ಕಂಪನಿ ಒದಗಿಸುತ್ತಿದ್ದ ಮಾದರಿ ಚಿತ್ರದಲ್ಲಿ ಒಬ್ಬ ಬಿಳಿಯ ಹೆಂಗಸಿರುತ್ತಿದ್ದಳು. 'ಶರ್ಲಿ ಕಾರ್ಡ್' ಎಂದೇ ಅದಕ್ಕೆ ಹೆಸರಾಯಿತು. ಅವಳ ಕೆನ್ನೆ ಸರಿಬಂದರೆ ಜಗತ್ತೆಲ್ಲ ಸರಿ! ನಮ್ಮ ಸ್ಟುಡಿಯೋಗಳಲ್ಲಿಯೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖವನ್ನು ತಿದ್ದುವ ರೂಢಿಯಿತ್ತು. ಇಂದು ಆ ಕೆಲಸವನ್ನು ಮೊಬೈಲು ಕೇಳದೆಯೇ ಮಾಡಿಕೊಡುತ್ತದೆ. ಸುಕ್ಕುಗಳನ್ನು ಒರಸಿ, ಬಣ್ಣವನ್ನು ತಿಳಿಯಾಗಿಸುತ್ತದೆ. ಕಪ್ಪುಮುಖವನ್ನು ಬೆಳ್ಳಗೆ ಮಾಡುವುದಕ್ಕೂ ಅದರ ಮೇಲೆ ಬೆಳಕು ಹಾಯಿಸುವುದಕ್ಕೂ ಅಜಗಜಾಂತರ. ಪಕ್ಕದಿಂದ ಬಂದ ಮೆದುಬೆಳಕಿನಲ್ಲಿ, ಹಿನ್ನೆಲೆ ಗಾಢವಾಗಿದ್ದಾಗ, ಕಂದುಬಣ್ಣದ ಚರ್ಮಕ್ಕೆ ಬರುವ ಹೊಳಪೇ 'ಛಾಯಾ' ಶಬ್ದದ ಮೂರನೆಯ ಅರ್ಥ. ಅದು ಕಾಂತಿ.

ಕನ್ನಡ ನಾಡಿನಲ್ಲಿ ಈ ವಿದ್ಯೆಯ ದೊಡ್ಡ ಸಾಧಕರಿದ್ದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಾಡುಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಿಂದ ಕೀರ್ತಿ ಪಡೆದವರು. 1983ರಲ್ಲಿ ಹೊರಬಂದ ತಮ್ಮ ಪುಸ್ತಕಕ್ಕೆ ಅವರಿಟ್ಟ ಇಂಗ್ಲಿಷ್ ಹೆಸರಿನ ಅರ್ಥ 'ಬಿಸಿಲು ಮತ್ತು ನೆರಳುಗಳು' ಎಂದು. ಮೈಸೂರಿನಲ್ಲಿ ಹುಟ್ಟಿ, ಕೊನೆಯ ದಿನಗಳನ್ನು ಬೆಂಗಳೂರಿನ ಶಂಕರಪುರದಲ್ಲಿ ಕಳೆದು 2014ರಲ್ಲಿ ತೀರಿಕೊಂಡ ವಿ. ಕೆ. ಮೂರ್ತಿಯವರು ಗುರುದತ್ತರ 'ಕಾಗಜ್ ಕೆ ಫೂಲ್' ಚಿತ್ರಕ್ಕೆ 1959ರಲ್ಲಿ ಮಾಡಿದ ಕೆಲಸ ಜಗತ್ಪ್ರಸಿದ್ಧವಾದುದು. ಕತ್ತಲ ಸ್ಟುಡಿಯೋದೊಳಗೆ ಕಂಬದಂತೆ ಇಳಿದು ಬರುವ ಆ ಬೆಳಕು ಯಾವ ವಿದ್ಯುದ್ದೀಪದ್ದೂ ಅಲ್ಲ. ಹೊರಗಿನ ಬಿಸಿಲನ್ನೇ ಕನ್ನಡಿಗಳ ಮೂಲಕ ಒಳಕ್ಕೆ ತಿರುಗಿಸಿದ್ದು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಅಂತಹವರ ಬಂಡವಾಳವೂ ಬಿಸಿಲು ಮತ್ತು ಕನ್ನಡಿ ಎಂಬುದು ಹೊಸಬರಿಗೆ ಧೈರ್ಯ ಕೊಡಬೇಕು.

ಆದ್ದರಿಂದ ಕಲಿಯಬಯಸುವವರಿಗೆ ನನ್ನ ಸೂಚನೆ ಇಷ್ಟೆ. ಮನೆಯ ಹಿರಿಯರನ್ನು ಬೆಳಗಿನ ಒಂಬತ್ತರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯೊಂದರ ಪಕ್ಕದಲ್ಲಿ ಕೂರಿಸಿ. ಕಿಟಕಿ ಅವರ ಬೆನ್ನಿಗಿರದೆ ಪಕ್ಕಕ್ಕಿರಲಿ. ಕಿಟಕಿಯಿಂದ ದೂರವಾದ ಕೆನ್ನೆ ತೀರ ಕಪ್ಪಾದರೆ ಆ ಬದಿಗೆ ಒಂದು ಬಿಳಿಯ ವಸ್ತ್ರವನ್ನು ಹಿಡಿಯಿರಿ. ಅದು ಬೆಳಕನ್ನು ಮರಳಿಸುತ್ತದೆ. ಫ್ಲ್ಯಾಶ್ ಬೇಡ, ದೀಪ ಬೇಡ, ಬಣ್ಣ ತಿಳಿಮಾಡುವ ಸೌಕರ್ಯವೂ ಬೇಡ. ಅವರನ್ನು ಮಾತನಾಡಿಸುತ್ತಿರಿ. ಅವರ ಕಣ್ಣಿನ ಕರಿಗುಡ್ಡೆಯಲ್ಲಿ ಕಿಟಕಿಯ ಪುಟ್ಟ ಪ್ರತಿಬಿಂಬ ಕಾಣಿಸಿದಾಗ ಬೆಳಕು ಕಣ್ಣಿಗೆ ತಲಪಿದೆಯೆಂದು ತಿಳಿದು ಗುಂಡಿ ಒತ್ತಿ. ಈ ಕೆಲಸವನ್ನು ಮುಂದಿನ ಹಬ್ಬಕ್ಕೆಂದು ಇಟ್ಟುಕೊಳ್ಳದಿರುವುದು ಒಳ್ಳೆಯದು.